ಬೆಲ್ ಒತ್ತುವ ಮೊದಲು ಹತ್ತು ನಿಮಿಷ

ಆಫೀಸಿಂದ ಬಂದ ತಕ್ಷಣ ಮನೆ ಬೆಲ್ ಒತ್ತಬೇಡಿ. ಕೆಳಗೆ ಪಾರ್ಕಿಂಗ್‌ನಲ್ಲೋ ಮೆಟ್ಟಿಲ ಮೇಲೋ ಹತ್ತು ನಿಮಿಷ ಕೂತು, ಬಾಕಿ ಫೋನು, ಮೆಸೇಜು ಅಲ್ಲೇ ಮುಗಿಸಿ, ನೀರು ಕುಡಿದು ಆಮೇಲೆ ಹತ್ತಿ. ಒಳಗೆ ಹೋದಮೇಲೆ ಮೊಬೈಲು ಚಪ್ಪಲಿ ಸ್ಟ್ಯಾಂಡ್ ಮೇಲೆ, ನೀವು ನೆಲದ ಮೇಲೆ, ಮಗುವಿನ ಪಕ್ಕ. 'ಹೋಮ್‌ವರ್ಕ್ ಆಯ್ತಾ' ಅಂತ ಶುರು ಮಾಡಬೇಡಿ, ಅದು ತೋರಿಸಿದ್ದನ್ನು ನೋಡಿ ಸಾಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದ ಮುಖ ಹೇಗಿರುತ್ತೆ ಅಂತ ನಮಗೆ ಕಾಣಲ್ಲ, ಮಕ್ಕಳಿಗೆ ಕಾಣುತ್ತೆ. ಅಮೆರಿಕದ ಸಂಶೋಧಕಿ ಎಲೆನ್ ಗ್ಯಾಲಿನ್ಸ್ಕಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕೇಳಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತೆ: ಅಪ್ಪ ಅಮ್ಮನ ಕೆಲಸದ ವಿಷಯದಲ್ಲಿ ಒಂದೇ ಒಂದು ಆಸೆ ಕೇಳಿಕೊಳ್ಳಿ ಅಂದರೆ, ಹೆಚ್ಚು ಹೊತ್ತು ಮನೇಲಿರಲಿ ಅಂದವರಿಗಿಂತ ಅವರ ಒತ್ತಡ, ಸುಸ್ತು ಕಡಿಮೆಯಾಗಲಿ ಅಂದ ಮಕ್ಕಳೇ ಜಾಸ್ತಿ. ಮಗುವಿಗೆ ಜ್ವರ ಬಂದಿದ್ದರೆ, ನೋಡಿಕೊಳ್ಳೋ ಆಂಟಿ ಬಸ್ಸಿಗೆ ಹೊರಟು ನಿಂತಿದ್ದರೆ ಇದು ನಡೆಯಲ್ಲ, ಸೀದಾ ಮೇಲೆ ಹೋಗಿ. ಹಾಲು ಕುಡಿಯೋ ಕೂಸಿದ್ದರೂ ಅಷ್ಟೇ, ಅದು ಕಾಯಲ್ಲ. ಹೆಂಡತಿ ಆಗಲೇ ಬಂದು ಕುಕ್ಕರ್, ಮಗು ಎರಡನ್ನೂ ಸಂಭಾಳಿಸುತ್ತಿದ್ದರೆ ಕೆಳಗೆ ಕೂತು ರೀಲ್ಸ್ ನೋಡೋ ಗಂಡಸರಿಗೆ (ನಮ್ಮ ಗೆಳೆಯರಲ್ಲೂ ಇದ್ದಾರೆ) ಈ ಸಲಹೆ ಅನ್ವಯಿಸಲ್ಲ. ಮನೆಯಿಂದಲೇ ಕೆಲಸ ಮಾಡೋರು ಲ್ಯಾಪ್‌ಟಾಪ್ ಮುಚ್ಚಿ, ಬೀದಿ ಕೊನೆಯವರೆಗೆ ಹೋಗಿ ಕೊತ್ತಂಬರಿ ಸೊಪ್ಪು ತಗೊಂಡು ಬನ್ನಿ.