ಅಗಲಿದ ಯೋಧರ ನೆನಪಿನಲ್ಲಿ ಕಿಲಿಮಂಜಾರೊ: ನನ್ನ ಅನುಭವ

ಸೇನೆಯಲ್ಲಿ ಮಕ್ಕಳನ್ನೋ ಗಂಡನನ್ನೋ ಕಳೆದುಕೊಂಡವರನ್ನು ಆಫ್ರಿಕಾದ ಅತಿ ಎತ್ತರದ ಪರ್ವತ ಕಿಲಿಮಂಜಾರೊಗೆ ಕರೆದೊಯ್ಯುವಾಗ ನಾನು ಮೊದಲೇ ಹೇಳಿಬಿಡುತ್ತೇನೆ: ಹೆಸರು ಓದಿ ನಮಿಸುವ ಕಾರ್ಯಕ್ರಮ ತುದಿಯಲ್ಲಿ ಇಲ್ಲ. ಅದರ ತುದಿಯಾದ, 5,895 ಮೀಟರ್ ಎತ್ತರದ ಉಹುರು ಶಿಖರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಅರ್ಧ. ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಅಲ್ಲಿ ಯಾರನ್ನೂ ನಿಲ್ಲಿಸುವುದಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಮಗನ ಫೋಟೊ ಶಿಖರ ಮುಟ್ಟಲೇಬೇಕು ಎಂದು ಹಟ ತೊಟ್ಟವರು ತಲೆನೋವು, ವಾಂತಿಯಂಥ ಎತ್ತರದ ಕಾಯಿಲೆಯ ಲಕ್ಷಣಗಳನ್ನೆಲ್ಲ ಮುಚ್ಚಿಡುತ್ತಾರೆ.

ಹೋಗುವುದು ಮಚಾಮೆ ದಾರಿ, 7 ದಿನ. 6 ದಿನಕ್ಕೆ ಇಳಿಸಿದರೆ ಕರಂಗ ಶಿಬಿರದ ರಾತ್ರಿ ತಪ್ಪಿಹೋಗುತ್ತದೆ. ದೇಹ ಎತ್ತರಕ್ಕೆ ಒಗ್ಗಲು ಆ ರಾತ್ರಿ ಬೇಕು. ಜೊತೆಗೆ, ಬರಾಂಕೊ ಗೋಡೆ ಎಂಬ ಕಡಿದಾದ ಬಂಡೆ ಹತ್ತಿ ಕರಂಗ ತಲುಪುವ ದಿನದ ನಡಿಗೆ ಚಿಕ್ಕದು, ಮಧ್ಯಾಹ್ನವೆಲ್ಲ ಬಿಡುವು. ಹೆಸರು ಓದುವುದು ಆಗಲೇ. ಒಂದೊಂದು ಕುಟುಂಬಕ್ಕೆ ಐದು ನಿಮಿಷ. ಸಾವು ಹೇಗಾಯಿತು ಎಂದು ಹೇಳಲೇಬೇಕಿಲ್ಲ. ಗೈಡ್‌ಗಳನ್ನೂ ಸಾಮಾನು ಹೊರುವ ಪೋರ್ಟರ್‌ಗಳನ್ನೂ ಕರೆಯುತ್ತೇವೆ, ಒಬ್ಬ ಗೈಡ್ ಅದನ್ನು ಅಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಹೇಳುತ್ತಾ ಹೋಗುತ್ತಾರೆ.

ತುಂಬ ಎಚ್ಚರ ಬೇಕಾದದ್ದು ದುಃಖ ಯಾವುದು, ಎತ್ತರದ ಕಾಯಿಲೆ ಯಾವುದು ಎಂದು ಗುರುತಿಸುವುದರಲ್ಲಿ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಸುಸ್ತು, ಮಾತು ಬೇಡವಾಗುವುದು ಎರಡರಲ್ಲೂ ಇವೆ. ಹಾಗಾಗಿ ಬೆಳಗ್ಗೆ ಸಂಜೆ 'ಹೇಗಿದ್ದೀರಿ' ಎಂದಲ್ಲ, 'ತಲೆ ನೋಯುತ್ತಿದೆಯೇ' ಎಂದೇ ಕೇಳುತ್ತೇವೆ. ನೆಲದ ಮೇಲೆ ನೇರ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದು ಕಾಲಿನ ಬೆರಳಿಗೆ ತಾಗಿಸಿಕೊಂಡು ಅದರ ಮೇಲೆ ನಡೆಸುತ್ತೇವೆ. ಅಳುವಿನಿಂದ ಕಾಲು ತೊಡರುವುದಿಲ್ಲ. ತೊಡರಿದರೆ ಮಿದುಳಿನಲ್ಲಿ ಊತ ಎಂದೇ ಭಾವಿಸಿ ಆ ಕ್ಷಣವೇ, ರಾತ್ರಿಯಾದರೂ, ಕೆಳಗಿಳಿಸಬೇಕು. ದುಃಖದ ದಿನಗಳಲ್ಲಿ ನಿದ್ದೆ ಮಾತ್ರೆಗೆ ಒಗ್ಗಿಕೊಂಡವರು ಹಲವರಿರುತ್ತಾರೆ. ಕೆಲವು ನಿದ್ದೆ ಮಾತ್ರೆಗಳು ಎತ್ತರದಲ್ಲಿ ಉಸಿರಾಟವನ್ನು ಕುಗ್ಗಿಸುತ್ತವೆ, ಆದರೆ ತಟ್ಟನೆ ನಿಲ್ಲಿಸುವುದೂ ಅಪಾಯ. ತಿಂಗಳುಗಳ ಮೊದಲೇ ವೈದ್ಯರ ಬಳಿ ಮಾತಾಡಿಸಿರುತ್ತೇವೆ.

ತೀರಿಕೊಂಡವರ ಬೂಟನ್ನೇ ಹಾಕಿಕೊಂಡು ಹತ್ತುತ್ತೇನೆ ಅನ್ನುವವರಿದ್ದಾರೆ. ಆ ಆಸೆ ನನಗೆ ಅರ್ಥವಾಗುತ್ತದೆ, ಆದರೂ ಒಪ್ಪುವುದಿಲ್ಲ. ಅಳತೆ ಕೂಡದ ಬೂಟು ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಅದರ ಲೇಸ್ ಬಿಚ್ಚಿ ಬ್ಯಾಗಿನ ಪಟ್ಟಿಗೆ ಕಟ್ಟಿಕೊಳ್ಳಲು ಹೇಳುತ್ತೇನೆ. ಫೋಟೊ ಅಂಗೈಯಗಲದ್ದು, ಲ್ಯಾಮಿನೇಟ್ ಮಾಡಿಸಿದ್ದು. ಮೂಲೆಗೆ ತೂತು ಕೊರೆದು ನೇತುಹಾಕಿದರೆ ಗಾಳಿಗೆ ಅಲ್ಲಿಂದಲೇ ಹರಿಯುತ್ತದೆ, ಜಾಕೆಟ್ಟಿನ ಒಳಜೇಬೇ ಸರಿ. ಎರಡು ಪ್ರತಿ ಮಾಡಿಸಿ ಒಂದನ್ನು ಜೊತೆಗಾರರಿಗೆ ಕೊಡಬೇಕು. ತಾಯಿ ಅರ್ಧ ದಾರಿಯಲ್ಲಿ ಇಳಿಯಬೇಕಾಗಿ ಬಂದರೂ ಫೋಟೊ ಮುಂದೆ ಹೋಗುತ್ತದೆ. ಇದೊಂದು ಏರ್ಪಾಡು ಮಾಡಿದ ಮೇಲೆಯೇ ಜನ ತಲೆನೋವಿನ ವಿಷಯ ಬಾಯಿಬಿಟ್ಟು ಹೇಳತೊಡಗಿದ್ದು.

ಕೊನೆಯ ಏರು ಬರಾಫು ಶಿಬಿರದಿಂದ, ನಡುರಾತ್ರಿಯ ಹೊತ್ತಿಗೆ. ಇಬ್ಬರಿಗೆ ಒಬ್ಬ ಗೈಡ್. ಒಂದೇ ಕುಟುಂಬದವರನ್ನು ಬೇರೆ ಬೇರೆ ಗೈಡ್‌ಗಳಿಗೆ ಒಪ್ಪಿಸುತ್ತೇವೆ, ಇಲ್ಲದಿದ್ದರೆ ಒಬ್ಬರು ಇಳಿದಾಗ ಇನ್ನೊಬ್ಬರೂ ಇಳಿಯಬೇಕಾಗುತ್ತದೆ. ಫೋನನ್ನು ಒಳಬಟ್ಟೆಯ ಜೇಬಿನಲ್ಲಿ ಮೈಗೆ ತಾಗುವಂತೆ ಇಡಬೇಕು. ಚಳಿಗೆ ಬ್ಯಾಟರಿ ಸತ್ತು ಶಿಖರದ ಚಿತ್ರ ಸಿಗದೆ ಹೋಗುವುದುಂಟು. ಮೇಲೆ ಏನನ್ನೂ ಬಿಟ್ಟುಬರುವುದಿಲ್ಲ, ರಿಬ್ಬನ್ ಕೂಡ. ಎರಡನೇ ಪ್ರತಿಗಳನ್ನು ಎಂವೇಕಾ ಶಿಬಿರಕ್ಕೆ ಇಳಿದ ಮೇಲೆ ಅವರವರ ಮನೆಯವರ ಕೈಗೇ ಎಣಿಸಿ ಕೊಡುತ್ತೇವೆ.