ಉಬುಂಟುವಿಗೆ ವೈಫೈ ಡಾಂಗಲ್: ಸಿಕ್ಕಿಸಿದ ಮೇಲೂ ಸಿಗ್ನಲ್ ಬರದಿದ್ದರೆ?

ಬಾಳ್ಳುಪೇಟೆ ಹತ್ತಿರ ನಮ್ಮ ಚಿಕ್ಕಪ್ಪನ ಮನೆ. ವೈಫೈ ರೂಟರ್ ಇರುವುದು ಜಗಲಿ ಪಕ್ಕದ ಕೋಣೆಯಲ್ಲಿ. ಕಂಪ್ಯೂಟರ್ ಇರುವುದು ಒಳಗೆ, ತೋಟದ ಲೆಕ್ಕದ ಪುಸ್ತಕಗಳ ಜೊತೆ. ನಡುವೆ ಎರಡು ಮಣ್ಣಿನ ಗೋಡೆ, ಒಂದೊಂದೂ ಒಂದೂವರೆ ಅಡಿ ದಪ್ಪ. ವೈರ್ ಎಳೆಯೋಣ ಎಂದರೆ ಅಜ್ಜನ ಕಾಲದ ಗೋಡೆಗೆ ತೂತು ಕೊರೆಯಲು ಚಿಕ್ಕಪ್ಪ ಬಿಡಲಿಲ್ಲ.

ಅದು ಹಳೇ ಡೆಸ್ಕ್‌ಟಾಪ್. ವಿಂಡೋಸ್ ಹೊರಲಾರದೆ ಏದುಸಿರು ಬಿಡುತ್ತಿತ್ತು ಎಂದು ನಾನೇ ಅದರ ಬದಲು ಉಬುಂಟು 22.04 ಹಾಕಿಕೊಟ್ಟಿದ್ದೆ. ಉಬುಂಟು ಎಂದರೆ ಲಿನಕ್ಸ್ ಜಾತಿಯ ಉಚಿತ ಆಪರೇಟಿಂಗ್ ಸಿಸ್ಟಮ್. ಹಾಸನದಿಂದ ಹೋಗುವಾಗ ಅಂಗಡಿಯೊಂದರಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ವೈಫೈ ಡಾಂಗಲ್, ಅಂದರೆ ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸಿ ವೈಫೈ ಹಿಡಿಯುವ ಸಾಧನ, ಕೊಂಡೆ. ಸಿಕ್ಕಿಸಿದರೆ ಸಾಕು, ಕೆಲಸ ಮಾಡುತ್ತೆ ಎಂದು ಡಬ್ಬದ ಮೇಲೇ ಬರೆದಿತ್ತು. ಸಿಕ್ಕಿಸಿದೆ. ವೈಫೈ ಗುರುತು ಬರಲಿಲ್ಲ. ಪರದೆಯ ಎಡಬದಿಯಲ್ಲಿ ಸಿಡಿಯ ಚಿತ್ರ ಬಂತು!

"ವೈಫೈ ತಾರೋ ಅಂದ್ರೆ ಸಿಡಿ ತಂದಿದೀಯಲ್ಲೋ" ಎಂದರು ಚಿಕ್ಕಪ್ಪ.

ಆ ಸಂಜೆ ಏನೇನು ಮಾಡಿದೆನೋ ಅದನ್ನೇ ಹೇಳುತ್ತೇನೆ. ಉಬುಂಟು, ಲಿನಕ್ಸ್ ಮಿಂಟ್ ಎರಡಕ್ಕೂ ಇದು ಬಹುಮಟ್ಟಿಗೆ ಹೊಂದುತ್ತದೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಮೊದಲು ಒಳಗಿನ ಚಿಪ್ ಯಾವುದು ನೋಡಿ

ಕಾಫಿಪುಡಿ ಪ್ಯಾಕೆಟ್ ಮೇಲೆ ಏನೇ ಹೆಸರಿರಲಿ, ಒಳಗೆ ಚಿಕೋರಿ ಎಷ್ಟು ಎಂದು ಕೇಳುವ ಊರು ನಮ್ಮದು. ಡಾಂಗಲ್‌ಗೂ ಅದೇ ಪ್ರಶ್ನೆ ಹಾಕಬೇಕು. ಸಾಧನವನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಹೊಂದಿಕೊಳ್ಳುವುದು ಒಳಗಿನ ಚಿಪ್‌ಗೆ. ಡಬ್ಬದ ಮೇಲಿನ ಹೆಸರು ನಂಬಿದರೆ ಮೋಸ ಹೋಗುತ್ತೀರಿ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಡಾಂಗಲ್ ತಗೊಳ್ಳಿ. ಅದರ ಮೊದಲ ಆವೃತ್ತಿಯಲ್ಲಿ ಇದ್ದದ್ದು ಅಥೆರೋಸ್‌ನ ಎಆರ್9271 ಚಿಪ್. ಎರಡನೇ ಆವೃತ್ತಿಗೆ ಬರುವಾಗ ಅದು ರಿಯಲ್‌ಟೆಕ್ ಚಿಪ್ ಆಯಿತು. ಹೆಸರು ಅದೇ, ಡ್ರೈವರ್ ಮಾತ್ರ ಬೇರೆ.

ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್, ತೆರೆಯುತ್ತದೆ. ಅದರಲ್ಲಿ ಎಲ್‌ಎಸ್‌ಯುಎಸ್‌ಬಿ ಎಂದು ಐದೂ ಅಕ್ಷರ ಕೂಡಿಸಿ ಟೈಪ್ ಮಾಡಿ, ಎಂಟರ್ ಒತ್ತಿ. ಮೌಸ್, ಕೀಬೋರ್ಡ್ ಎಲ್ಲದಕ್ಕೂ ಒಂದೊಂದು ಸಾಲು ಬರುತ್ತದೆ. ಡಾಂಗಲ್‌ನದು ಯಾವುದು ಎಂದು ತಿಳಿಯದಿದ್ದರೆ ಅದನ್ನು ಕಿತ್ತು ಒಮ್ಮೆ, ಹಾಕಿ ಒಮ್ಮೆ ಇದೇ ಕಮಾಂಡ್ ಕೊಡಿ. ಹೊಸದಾಗಿ ಬಂದ ಸಾಲೇ ಅದರದ್ದು. ಸಾಲೇ ಬರಲಿಲ್ಲವಾ? ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಆಗಲೂ ಇಲ್ಲ ಎಂದರೆ ಡಾಂಗಲ್ ಹೋಗಿರಬಹುದು, ಅಂಗಡಿಗೆ ವಾಪಸ್ ಕೊಡಿ.

ಆ ಸಾಲಿನಲ್ಲಿ ಐಡಿ ಎಂದಿರುವ ಕಡೆ ನಾಲ್ಕು ಅಕ್ಷರ, ಒಂದು ಕೋಲನ್, ಮತ್ತೆ ನಾಲ್ಕು ಅಕ್ಷರ ಇರುತ್ತವೆ. ಮೊದಲ ನಾಲ್ಕು ತಯಾರಕರ ಗುರುತು. 0ಬಿಡಿಎ ಎಂದಿದ್ದರೆ ರಿಯಲ್‌ಟೆಕ್, 148ಎಫ್ ಎಂದರೆ ರಾಲಿಂಕ್, 0ಇ8ಡಿ ಎಂದರೆ ಮೀಡಿಯಾಟೆಕ್. ಕೊನೆಯ ನಾಲ್ಕು ಆ ಸಾಧನದ ಗುರುತು. ಈ ಎಂಟು ಅಕ್ಷರ ಬರೆದಿಟ್ಟುಕೊಳ್ಳಿ. ಇಂಟರ್ನೆಟ್‌ನಲ್ಲಿ ಹುಡುಕುವಾಗ ಡಬ್ಬದ ಹೆಸರಿಗಿಂತ ಇವೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ.

ಸಿಡಿಯ ವೇಷ

ಚಿಕ್ಕಪ್ಪನ ಡಾಂಗಲ್ ತೋರಿಸಿದ್ದು 0ಬಿಡಿಎ:1ಎ2ಬಿ. ಇದು ವೈಫೈ ಗುರುತೇ ಅಲ್ಲ, ಸಿಡಿ ಡ್ರೈವ್‌ನದು. ಈಗಿನ ಕಂಪ್ಯೂಟರ್‌ಗಳಲ್ಲಿ ಸಿಡಿ ಹಾಕುವ ಜಾಗ ಇರುವುದಿಲ್ಲ, ಅಲ್ವಾ? ಅದಕ್ಕೆ ಕೆಲವು ಡಾಂಗಲ್‌ಗಳು ವಿಂಡೋಸ್ ಡ್ರೈವರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಮೊದಲು ಸಿಡಿಯ ವೇಷದಲ್ಲಿ ಬರುತ್ತವೆ. ಆ ಡ್ರೈವರ್ ನಮಗೆ ಬೇಡ. ಸಿಡಿ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ಇಜೆಕ್ಟ್ ಒತ್ತಿದೆ. ಎರಡು ಸೆಕೆಂಡ್ ಬಿಟ್ಟು ಮತ್ತೆ ನೋಡಿದರೆ 0ಬಿಡಿಎ:ಸಿ811 ಎಂದಿತ್ತು. ವೇಷ ಕಳಚಿತ್ತು.

ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸಿಡಿಯೇ ಬರಬಹುದು. ನೆಟ್ ಸಿಕ್ಕ ಮೇಲೆ ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಹೆಚ್ಚಿನ ಸಲ ಈ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ.

ಕರ್ನಲ್ ಹಳತಾದರೆ

ಇಷ್ಟಾದರೂ ವೈಫೈ ಬರಲಿಲ್ಲ. ಲಿನಕ್ಸ್‌ನಲ್ಲಿ ಬಹುತೇಕ ಡ್ರೈವರ್‌ಗಳು ಅದರ ತಿರುಳಾದ ಕರ್ನಲ್ ಜೊತೆಗೇ ಬರುತ್ತವೆ. ಕರ್ನಲ್ ಯಾವುದೆಂದು ತಿಳಿಯಲು ಟರ್ಮಿನಲ್‌ನಲ್ಲಿ ಯುನೇಮ್ (ಯು, ಎನ್, ಎ, ಎಂ, ಇ) ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ (ಹೈಫನ್) ಹಾಕಿ, ಅದಕ್ಕೆ ಅಂಟಿಸಿ ಆರ್ ಅಕ್ಷರ ಒತ್ತಬೇಕು. ಬಂದದ್ದು 5.15. ಆದರೆ ಈ ಚಿಪ್ಪಿನ ಯುಎಸ್‌ಬಿ ಡ್ರೈವರ್ ಕರ್ನಲ್‌ಗೆ ಸೇರಿದ್ದು 2023ರಲ್ಲಿ ಬಂದ 6.2ರಲ್ಲಿ. ನೆಟ್ ಇಲ್ಲದ ಕಂಪ್ಯೂಟರ್ ಅಪ್‌ಡೇಟ್ ಕಂಡೇ ಇರಲಿಲ್ಲ.

ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಎನ್ನುವ ಹಾಗಾಯಿತು. ನೆಟ್ ಬೇಕೆಂದರೆ ಡ್ರೈವರ್ ಬೇಕು, ಡ್ರೈವರ್ ಬೇಕೆಂದರೆ ನೆಟ್ ಬೇಕು. ಇದಕ್ಕೆ ಮದ್ದು ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆಯೇ ಯುಎಸ್‌ಬಿ ಟೆದರಿಂಗ್ ಎಂದಿರುತ್ತದೆ, ಆನ್ ಮಾಡಿ. ಉಬುಂಟು ಅದನ್ನು ವೈರ್ ನೆಟ್ ಎಂದುಕೊಂಡು ತಕ್ಷಣ ಒಪ್ಪಿಕೊಳ್ಳುತ್ತದೆ, ಬೇರೆ ಡ್ರೈವರ್ ಕೇಳುವುದಿಲ್ಲ. ಬರೀ ಚಾರ್ಜ್ ಆಗುವ ಅಗ್ಗದ ಕೇಬಲ್ ಆದರೆ ನಡೆಯುವುದಿಲ್ಲ, ಡೇಟಾ ಹೋಗುವ ಕೇಬಲ್ಲೇ ಬೇಕು. ಫೋನನ್ನು ಮನೆಯ ವೈಫೈಗೆ ಸೇರಿಸಿಟ್ಟರೆ ಡೇಟಾ ಪ್ಯಾಕ್ ಕೂಡ ಉಳಿಯುತ್ತದೆ.

ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟರ್ ತೆರೆದು ಎಲ್ಲವನ್ನೂ ಹಾಕಿಕೊಳ್ಳಲು ಬಿಟ್ಟೆವು. ಚಿಕ್ಕಮ್ಮ ಕೊಟ್ಟ ಅಕ್ಕಿರೊಟ್ಟಿ ಮುಗಿಸಿ ಬರುವುದರೊಳಗೆ ಕೆಲಸ ಆಗಿತ್ತು. ರೀಸ್ಟಾರ್ಟ್ ಮಾಡಿದ ಮೇಲೆ ಕರ್ನಲ್ 6.8 ಎಂದು ತೋರಿಸಿತು. ಸಿಡಿಯನ್ನು ಇನ್ನೊಮ್ಮೆ ಇಜೆಕ್ಟ್ ಮಾಡಿದೆ. ಬಲಮೂಲೆಯಲ್ಲಿ ವೈಫೈ ಗುರುತು ಬಂತು! ರೂಟರ್ ಹೆಸರು ಆರಿಸಿ ಪಾಸ್‌ವರ್ಡ್ ಕೊಡುವುದು ಫೋನಿನಲ್ಲಿ ಮಾಡಿದ ಹಾಗೆಯೇ. ಉಬುಂಟು 24.04 ಹಾಕಿದವರಿಗೆ ಶುರುವಿನಿಂದಲೇ 6.8 ಅಥವಾ ಅದಕ್ಕಿಂತ ಹೊಸದು ಇರುತ್ತದೆ.

ಚಿಪ್ ಗುರುತಾಗಿಯೂ ವೈಫೈ ಆಫ್ ಎಂದೇ ತೋರಿಸುತ್ತಿದ್ದರೆ ಆರ್‌ಎಫ್‌ಕಿಲ್ ಎಂದು ಬರೆದು, ಜಾಗ ಬಿಟ್ಟು ಲಿಸ್ಟ್ ಎಂದು ಕೊಡಿ. ಸಾಫ್ಟ್ ಬ್ಲಾಕ್ ಮುಂದೆ ಯೆಸ್ ಎಂದಿದ್ದರೆ ಏರೋಪ್ಲೇನ್ ಮೋಡ್ ಆನ್ ಆಗಿದೆಯೇ ನೋಡಿ. ಹಾರ್ಡ್ ಬ್ಲಾಕ್ ಎಂದರೆ ಲ್ಯಾಪ್‌ಟಾಪ್ ಮೇಲಿನ ಸ್ವಿಚ್ಚೋ ಕೀಲಿಯೋ ಆಫ್ ಆಗಿರುತ್ತದೆ.

ಕೆಲವು ಚಿಪ್‌ಗಳಿಗೆ ಕರ್ನಲ್‌ನಲ್ಲಿ ಡ್ರೈವರ್ ಇರುವುದಿಲ್ಲ, ಹೊರಗಿನಿಂದ ತಂದು ಹಾಕಿಕೊಳ್ಳಬೇಕು. ಸೆಕ್ಯೂರ್ ಬೂಟ್, ಅಂದರೆ ಒಪ್ಪಿಗೆಯಿಲ್ಲದ ಡ್ರೈವರ್ ತಡೆಯುವ ಕಾವಲು, ಆನ್ ಇದ್ದರೆ ಅದಕ್ಕೊಂದು ಕೀಲಿ ಬೇರೆ ನೋಂದಾಯಿಸಬೇಕು. ಕರ್ನಲ್ ಬದಲಾದಾಗ ಮತ್ತೆ ಕೈಕೊಟ್ಟರೂ ಕೊಟ್ಟೀತು. ನನ್ನನ್ನು ಕೇಳಿದರೆ ಅಷ್ಟು ತಲೆನೋವು ಯಾಕೆ, ಡಾಂಗಲ್ಲನ್ನೇ ಬದಲಾಯಿಸಿ. ರಾಲಿಂಕ್ ಆರ್‌ಟಿ5370 ಅಥವಾ ಮೀಡಿಯಾಟೆಕ್ ಎಂಟಿ7612ಯು ಚಿಪ್ ಇರುವುದು ಸಿಕ್ಕಿದರೆ ಕಣ್ಣುಮುಚ್ಚಿ ತಗೊಳ್ಳಿ. ಎರಡಕ್ಕೂ ಕರ್ನಲ್‌ನಲ್ಲೇ ಡ್ರೈವರ್ ಇದೆ. ಮೊದಲನೆಯದು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. ಹಳೇ ಮನೆಗೆ ಅದೇ ಸಾಕು, ದಪ್ಪ ಗೋಡೆ ದಾಟುವುದರಲ್ಲಿ 5 ಗಿಗಾಹರ್ಟ್ಸ್‌ಗಿಂತ ಅದೇ ವಾಸಿ.

ಚಿಕ್ಕಪ್ಪನ ಮನೆಯಲ್ಲಿ ಕೊನೆಗೆ ಉಳಿದದ್ದು ಸಿಗ್ನಲ್. ಒಂದೇ ಗೆರೆ ತೋರಿಸುತ್ತಿತ್ತು. ಡಾಂಗಲ್ ಇದ್ದದ್ದು ಸಿಪಿಯು ಹಿಂದಿನ ನೀಲಿ ಪೋರ್ಟ್‌ನಲ್ಲಿ, ಅಂದರೆ ಯುಎಸ್‌ಬಿ 3.0. ಆ ಪೋರ್ಟ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅಡ್ಡಿಪಡಿಸುವುದುಂಟು. ಜೊತೆಗೆ ತಗಡಿನ ಡಬ್ಬ ಬೇರೆ ಮರೆ. ಮೂರಡಿಯ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಕಪ್ಪು ಪೋರ್ಟ್‌ಗೆ ಬದಲಾಯಿಸಿ, ಡಾಂಗಲ್ಲನ್ನು ಬಾಗಿಲ ಪಟ್ಟಿಯ ಮೇಲೆ ಟೇಪ್ ಹಚ್ಚಿ ಕೂರಿಸಿದೆ. ಮೂರು ಗೆರೆ ಬಂತು. ಚಿಕ್ಕಪ್ಪ ಮೊದಲು ನೋಡಿದ್ದು ಆವತ್ತಿನ ಪಾರ್ಚ್‌ಮೆಂಟ್ ಕಾಫಿ ರೇಟು. ನಾನು ಆ ಎಂಟು ಅಕ್ಷರಗಳನ್ನು ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟು ಬಸ್ ಹಿಡಿದೆ.