ಆಫೀಸಿನ ಪಾಸ್‌ವರ್ಡ್ ಡೈರಿ ಬಿಟ್ಟ ಮೇಲೆ

ಶಿರಸಿಯ ನಮ್ಮ ಪುಟ್ಟ ಆಫೀಸಿನಲ್ಲಿ ಜಿಎಸ್‌ಟಿ, ಬ್ಯಾಂಕು, ಈಮೇಲ್ ಎಲ್ಲದರ ಪಾಸ್‌ವರ್ಡೂ ಒಂದೇ ಡೈರಿಯಲ್ಲಿತ್ತು. ಕಳೆದ ಮಳೆಗಾಲದಲ್ಲಿ ಮಾಡು ಸೋರಿ ಡೈರಿ ಒದ್ದೆ ಮುದ್ದೆಯಾಯಿತು. ಆಮೇಲೆ ಪಾಸ್‌ವರ್ಡ್‌ಗಳನ್ನೆಲ್ಲ ಬೀಗ ಹಾಕಿ ಇಡುವ ಬಿಟ್‌ವಾರ್ಡನ್ ಎಂಬ ಆ್ಯಪ್ ಹಾಕಿಕೊಂಡೆವು.

ಇದರಲ್ಲಿ ನೆನಪಿಡಬೇಕಾದ್ದು ಒಂದೇ, ಆ ಬೀಗ ತೆರೆಯುವ ಮಾಸ್ಟರ್ ಪಾಸ್‌ವರ್ಡ್. ಮಾರಿಕಾಂಬೆ ಹೆಸರಿಗೆ ಇಸವಿ ಸೇರಿಸಿದರೆ ಶಿರಸಿಯಲ್ಲಿ ಯಾರು ಬೇಕಾದರೂ ಊಹಿಸುತ್ತಾರೆ, ಅಲ್ವಾ? ಅದಕ್ಕೇ ದಾಳ ಉರುಳಿಸಿ ಪದ ಆರಿಸುವ ಡೈಸ್‌ವೇರ್ ವಿಧಾನ ಒಳ್ಳೆಯದು. ಮಕ್ಕಳ ಲೂಡೋ ದಾಳ ಸಾಕು. ಐದು ಸಲ ಉರುಳಿಸಿ, ಬಂದ ಅಂಕಿಗಳ ಎದುರಿನ ಪದವನ್ನು ಡೈಸ್‌ವೇರ್ ಪಟ್ಟಿಯಿಂದ ತೆಗೆದುಕೊಳ್ಳಿ. ಪಟ್ಟಿಯಲ್ಲಿ 7,776 ಪದಗಳಿವೆ. ಹೀಗೆ ಆರು ಪದ ಮಾಡಿ, ಅದೇ ನಿಮ್ಮ ಮಾಸ್ಟರ್ ಪಾಸ್‌ವರ್ಡ್. ಪದ ಚೆನ್ನಾಗಿಲ್ಲ ಎಂದು ಸುಮ್ನೆ ಬದಲಿಸಬೇಡಿ, ನಮ್ಮ ಇಷ್ಟದ ಪದಗಳನ್ನು ಊಹಿಸುವುದು ಸುಲಭ. ಆರನ್ನೂ ಸೇರಿಸಿ ಒಂದು ತಮಾಷೆ ಕಥೆ ಕಟ್ಟಿದರೆ ಬೇಗ ಬಾಯಿಪಾಠವಾಗುತ್ತದೆ.

ಅದನ್ನು ಮರೆತರೆ ಬಿಟ್‌ವಾರ್ಡನ್ ಕಂಪನಿಯವರೂ ನೋಡಿ ಹೇಳಲಾರರು. ಕಾಗದದಲ್ಲಿ ಬರೆದು, ಲಕೋಟೆ ಅಂಟಿಸಿ ತಿಜೋರಿಯಲ್ಲಿಡಿ. ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ನಮ್ಮ ಮಳೆ ಗೊತ್ತಲ್ಲ!

ಪಾಸ್‌ವರ್ಡಿನ ಜೊತೆ ಇನ್ನೊಂದು ಕೋಡನ್ನೂ ಕೇಳುವ ಎರಡು ಹಂತದ ಲಾಗಿನ್ ಕೂಡ ಹಾಕಿಕೊಳ್ಳಿ. ಸಿಬ್ಬಂದಿಗೆ ಬೇರೆ ಬೇರೆ ಖಾತೆ ಇರಲಿ. ಒಂದೇ ಮಾಸ್ಟರ್ ಪಾಸ್‌ವರ್ಡನ್ನು ಎಲ್ಲರಿಗೂ ಹೇಳಿದರೆ ಮತ್ತೆ ಹಳೇ ಡೈರಿಯ ಕಥೆಯೇ. ನೆಟ್ ಹೋದರೂ ಭಯವಿಲ್ಲ, ಮೊದಲೇ ಲಾಗಿನ್ ಆಗಿರುವ ಫೋನಿನಲ್ಲಿ ಪಾಸ್‌ವರ್ಡ್ ನೋಡಬಹುದು.